ಒಪ್ಪಿಗೆ ಊಟ

ನಮ್ಮೂರಿನಲ್ಲಿ ಮಾಘ ಮಾಸ ಬಂತೆಂದರೆ ಮಂಚದ ಕೆಳಗೆ ಎಲೆ ಗುಡಿಸಬೇಕು. ಮಂಚ ಹೊನ್ನೆಯದಾದರೆ ಹೊನ್ನೆಯ ಎಲೆ, ಮತ್ತಿಯದಾದರೆ ಮತ್ತಿಯ ಎಲೆ. ಬಾಗಿಲು, ಕಪಾಟು, ಕುರ್ಚಿ, ಮಜ್ಜಿಗೆ ಕಡೆಯುವ ಕಡಗೋಲು, ಯಾವುದನ್ನೂ ಬಿಟ್ಟಿಲ್ಲ. ಕೋರ್ಟಿನಲ್ಲಿ ಜಡ್ಜರು ಮೇಜು ಕುಟ್ಟಿದರೆ ಫೈಲಿನ ಮೇಲೆ ನಾಲ್ಕು ಒಣಎಲೆ ಬೀಳುತ್ತವೆ. ಹೋಟೆಲಿನ ಜಂತಿಯಿಂದ ಸಾಂಬಾರಿಗೆ ಬಿದ್ದದ್ದನ್ನು ಕರಿಬೇವೆಂದು ತಿಳಿದು ಅಗಿದವರೂ ಇದ್ದಾರೆ. ಈ ಎಲೆ ಎಲ್ಲಿಂದ ಬರುತ್ತದೆ ಎಂದು ನಾವು ಯಾರೂ ಕೇಳಿದವರಲ್ಲ. ಮಗುವಿಗೆ ಹಲ್ಲು ಬಂದರೆ ಎಲ್ಲಿಂದ ಬಂತೆಂದು ಯಾರಾದರೂ ಕೇಳುತ್ತಾರೆಯೇ? ಪೊರಕೆ ಹಿಡಿದು ಗುಡಿಸುತ್ತಿದ್ದೆವು, ಅಷ್ಟೆ.

ನನ್ನ ಹೆಸರು ಅಂಬುಜಾಕ್ಷಿ, ಊರಿನವರ ಬಾಯಲ್ಲಿ ಅಂಬಕ್ಕ. ಮುದ್ರೆ ಸಂಘದಲ್ಲಿ ಹದಿನೆಂಟು ವರ್ಷದಿಂದ ಮರಕ್ಕೆ ಮುದ್ರೆ ಹಾಕುವುದು ನನ್ನ ಕೆಲಸ. ಸಂಘ ಹುಟ್ಟಿದ್ದು ಕಾಡು ಉಳಿಸುವುದಕ್ಕೆ, ಅದರಲ್ಲಿ ಯಾರ ಬಲವಂತವೂ ಇರಲಿಲ್ಲ. ಇಷ್ಟವಿದ್ದ ಕಾಡಿನ ಒಡೆಯ ತಾನಾಗಿಯೇ ಬಂದು, ಒಂದು ಮರ ಕಡಿದರೆ ಎರಡು ಸಸಿ ನೆಡುತ್ತೇನೆ, ಹಳ್ಳದ ದಂಡೆಯ ಮರ ಮುಟ್ಟುವುದಿಲ್ಲ, ಕೂಲಿಯವರಿಗೆ ಮೋಸ ಮಾಡುವುದಿಲ್ಲ ಎಂದೆಲ್ಲ ಬರೆದ ಕಾಗದಕ್ಕೆ ಸಹಿ ಹಾಕಬೇಕು. ಅವನ ದಿಮ್ಮಿಗಳು ಡಿಪೋಗೆ ಬಂದಾಗ ನಾನು ಕಾಗದ ಓದಿ, ಸುತ್ತಳತೆ ನೋಡಿ, ದಿಮ್ಮಿಯ ತಲೆಗೆ ಸುತ್ತಿಗೆಯಿಂದ ಒಂದು ಏಟು ಹಾಕುತ್ತೇನೆ. ಮೂರು ಎಲೆಯ ಗುರುತು ಮೂಡುತ್ತದೆ. ಕಾಡಿಗೆ ಹೋಗಿ ನೋಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಸಹಿ ಹಾಕಿದವನ ಬೆನ್ನ ಹಿಂದೆ ಹೋಗಿ ಇಣುಕುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಸಂಘದ ಹಿರಿಯರು ಬರೆದಿಟ್ಟಿದ್ದರು. ಅಲ್ಲದೆ ಮರವೇ ಸಾಕ್ಷಿ ಹೇಳುತ್ತಿತ್ತು.

ಹೇಗೆಂದರೆ, ಮುದ್ರೆ ಬಿದ್ದ ಮರ ಒಂದೆರಡು ವರ್ಷದಲ್ಲಿ ಎಲೆ ಉದುರಿಸುವುದನ್ನು ನಿಲ್ಲಿಸುತ್ತಿತ್ತು. ಮುದ್ರೆಯಿಲ್ಲದ ಮರ ವರ್ಷಾನುಗಟ್ಟಲೆ ಉದುರಿಸುತ್ತಲೇ ಇರುತ್ತಿತ್ತು. ಮುದ್ರೆ ಬಿದ್ದದ್ದು ಮಾತ್ರ ಒಂದು ಮಾಘದಲ್ಲಿ ತಣ್ಣಗಾಗಿಬಿಡುತ್ತಿತ್ತು. ನಾವು ಅದಕ್ಕೆ ‘ಮರ ಒಪ್ಪಿತು’ ಎನ್ನುತ್ತಿದ್ದೆವು. ತನ್ನನ್ನು ನ್ಯಾಯವಾಗಿ ಕಡಿದು ತಂದಿದ್ದಾರೆ ಎಂದು ಮರ ಒಪ್ಪಿಕೊಂಡಿತು ಎಂದರ್ಥ. ಮನೆಯವರು ಮಾಘದುದ್ದಕ್ಕೂ ಮಂಚದ ಕೆಳಗೆ ಬಿಳಿ ಪಂಚೆ ಹಾಸಿಡುತ್ತಿದ್ದರು. ಎಲೆ ನಿಂತ ದಿನ ಅಕ್ಕಪಕ್ಕಕ್ಕೆ ಸಕ್ಕರೆ ಹಂಚಿ, ಮುದ್ರೆ ಹಾಕಿದ ನನ್ನನ್ನು ಕರೆದು ಊಟ ಹಾಕುತ್ತಿದ್ದರು. ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಕೊನೆಗೆ ರವಿಕೆ ಕಣದ ಜೊತೆ ತಾಂಬೂಲ. ಅದೇ ಒಪ್ಪಿಗೆ ಊಟ. ಹದಿನೆಂಟು ವರ್ಷದಲ್ಲಿ ನಾನು ಎಷ್ಟು ಒಪ್ಪಿಗೆ ಊಟ ಉಂಡಿದ್ದೇನೋ ಲೆಕ್ಕವಿಲ್ಲ. ನನ್ನ ಕೈಗುಣ ದೊಡ್ಡದು ಎಂದು ಜನ ಹೊಗಳುವಾಗ ನಾನು ಬೇಡ ಬೇಡ ಎನ್ನುತ್ತಲೇ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದೆ. ಸುಳ್ಳೇಕೆ ಹೇಳಲಿ, ನನಗೆ ಜಂಬವಿತ್ತು.

ಮುದ್ರೆ ಇಲ್ಲದ ಮರ ಮಾರುವವಳು ಊರಿಗೆಲ್ಲ ಒಬ್ಬಳೇ, ಮಾಸ್ತಮ್ಮ. ಸಂತೆಯ ದಿನ ಬಸ್‌ಸ್ಟ್ಯಾಂಡಿನ ಗೋಡೆಗೊರಗಿ ಮಣೆ, ಸೌಟು, ಲಟ್ಟಣಿಗೆ ಹರಡಿಕೊಂಡು ಕೂರುತ್ತಿದ್ದಳು. ಅವಳ ಸಾಮಾನು ಎಂದೂ ಒಪ್ಪಿದ್ದೇ ಇಲ್ಲ. ಹತ್ತು ವರ್ಷದ ಹಿಂದೆ ಕೊಂಡ ಮಣೆ ಕೂಡ ಮಾಘ ಬಂದರೆ ನಂದಿ ಮರದ ಎಲೆ ಉದುರಿಸುತ್ತಿತ್ತು. ಬಡವರು ಮಾತ್ರ ಕೊಳ್ಳುತ್ತಿದ್ದರು, ಚೌಕಾಸಿ ಮಾಡಿ. ಅವಳ ಮಂದಿ ಎಲ್ಲೋ ಗುಡ್ಡದ ಕಡೆಯವರು ಎಂದಷ್ಟೇ ಊರಿಗೆ ಗೊತ್ತಿತ್ತು. ನಾನು ದಾರಿಯಲ್ಲಿ ಹೋಗುವಾಗ, ಒಂದು ಸಹಿ ಹಾಕಿ ಮುದ್ರೆ ಹಾಕಿಸಿಕೊಳ್ಳಬಾರದೇ ಎಂದು ಕೇಳುತ್ತಿದ್ದೆ. ಅವಳು ನಕ್ಕು ಸೌಟು ಒರೆಸತೊಡಗುತ್ತಿದ್ದಳು. ಪೆದ್ದಿ ಎಂದುಕೊಳ್ಳುತ್ತಿದ್ದೆ.

ಈ ವರ್ಷ ಪುಷ್ಯದಲ್ಲಿ ಕಾನೂನು ಬಂತು. ಬರುವ ಯುಗಾದಿಯಿಂದ ಜಾರಿ. ಯುಗಾದಿಯ ದಿನ ಎಲ್ಲೆಲ್ಲಿ ಕಾಡು ನಿಂತಿರುತ್ತದೆಯೋ ಅದನ್ನು ಆ ದಿನದ ನಂತರ ಬೋಳಿಸಿ ತಂದ ಮರವನ್ನು ಯಾರೂ ಮಾರುವಂತಿಲ್ಲ. ಮಾರುವ ಪ್ರತಿಯೊಬ್ಬನೂ ಮರ ನಿಂತಿದ್ದ ಜಾಗ ತೋರಿಸಬೇಕು, ತೋರಿಸದ ಮಾಲು ಜಪ್ತಿ. ಸಂಘದ ಅಧ್ಯಕ್ಷರಾದ ಓಂಕಾರಪ್ಪನವರು ಇದನ್ನು ಓದಿ ನಕ್ಕರು. ಕಾಡು ಉಳಿಸುವ ಕೆಲಸವನ್ನು ನಾವು ಯಾರೂ ಹೇಳದೆಯೇ ಮಾಡಿಕೊಂಡು ಬಂದಿದ್ದೇವೆ, ಸರ್ಕಾರಕ್ಕೆ ಈಗ ಎಚ್ಚರವಾಗಿದೆ ಎಂದರು. ಕಾನೂನಿನ ನಿಯಮ ಒಂದು ಕಡೆ, ಮುದ್ರೆಯ ನಿಯಮ ಇನ್ನೊಂದು ಕಡೆ ಬರೆದು, ಎರಡೂ ಒಂದೇ ಎಂದು ತೋರಿಸಿಬಿಟ್ಟರೆ ಮುದ್ರೆ ಇದ್ದ ಮರಕ್ಕೆ ಬೇರೆ ತಪಾಸಣೆಯೇ ಬೇಡ ಎಂಬುದು ಅವರ ಆಸೆ. ಹೊಂದಾಣಿಕೆ ಪಟ್ಟಿ ಎಂದು ಅದಕ್ಕೆ ಹೆಸರಿಟ್ಟು ನನ್ನ ಕೈಗೆ ಕೊಟ್ಟರು. ಸರ್ಕಾರದ ಕಡೆಯಿಂದ ಸಮೀವುಲ್ಲಾ ಸಾಹೇಬರು ಎಂಬ ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಪುಸ್ತಕ ನೋಡದೆ ಒಂದು ಮಾತೂ ಆಡುವವರಲ್ಲ.

ಒಟ್ಟು ಇಪ್ಪತ್ತನಾಲ್ಕು ಸಾಲು. ಇಪ್ಪತ್ತಮೂರು ಸಾಲು ಎರಡೇ ದಿನದಲ್ಲಿ ಹೊಂದಿಕೊಂಡವು. ಕೂಲಿ, ಹಳ್ಳದ ದಂಡೆ, ಸಸಿ, ಎಲ್ಲದರಲ್ಲೂ ನಮ್ಮ ನಿಯಮವೇ ಕಾನೂನಿಗಿಂತ ಒಂದು ಕೈ ಮೇಲು. ನಾನು ಬೀಗುತ್ತಿದ್ದೆ. ಇಪ್ಪತ್ತನಾಲ್ಕನೆಯದರಲ್ಲಿ ಕಾನೂನಿನ ಕಡೆ, ಮರ ನಿಂತಿದ್ದ ಜಾಗಕ್ಕೆ ಹೋಗಿ ನೋಡಿ, ಆ ಜಾಗದ ಅಕ್ಷಾಂಶ ರೇಖಾಂಶದ ಅಂಕೆ ಬರೆದು, ಅಲ್ಲಿ ಕಾಡು ಇದೆಯೋ ಇಲ್ಲವೋ ದಾಖಲಿಸುವುದು, ಇದ್ದರೆ ಆ ಅಂಕೆಯನ್ನು ಡಿಪೋದ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುವುದು ಎಂದಿತ್ತು. ನಮ್ಮ ಕಡೆ ಖಾಲಿ. ಹೋಗಿ ನೋಡುವುದು ನಮ್ಮಲ್ಲಿ ಇಲ್ಲವಲ್ಲ. ಮರವೇ ಒಪ್ಪಿದ ಮೇಲೆ ನೋಡುವುದೇನು ಎಂದು ನಾನು ವಾದ ಮಾಡಿದೆ. ಸಾಹೇಬರು ಪುಸ್ತಕ ತಿರುವಿ, ‘ಮರ ಒಪ್ಪುವುದು’ ಎಂಬ ಪದ ಇದರಲ್ಲಿಲ್ಲ ಮೇಡಂ ಎಂದರು. ಸರಿ, ನಾಲ್ಕು ದಿನದ ಕೆಲಸ, ಹೋಗಿ ಬಂದರಾಯಿತು ಎಂದು ಹೊರಟೆ. ಮುದ್ರೆಯ ಕಾಡುಗಳು ಒಂಬತ್ತು. ನನಗೆ ಒಂಬತ್ತರ ಹೆಸರೂ ಬಾಯಿಪಾಠ, ಒಂದನ್ನೂ ಕಣ್ಣಿಂದ ಕಂಡವಳಲ್ಲ.

ಮೊದಲನೆಯದು ಬಿಳಿಕಲ್ಲು. ನಮ್ಮ ಬೀದಿಯ ಅರ್ಧ ಮಂಚಗಳು ಬಿಳಿಕಲ್ಲಿನ ತೇಗದವು, ನನ್ನ ಮಂಚವೂ ಅದೇ. ಜೀಪು ನಿಂತಿತು. ಸಾಹೇಬರು ಕೈಯಲ್ಲಿದ್ದ, ಜಾಗದ ಅಂಕೆ ತೋರಿಸುವ ಯಂತ್ರ ನೋಡಿ, ಇದೇ ಜಾಗ ಎಂದರು. ಕಣ್ಣು ಹಾಯುವವರೆಗೆ ಶುಂಠಿ ಹೊಲ. ದಾರಿ ತಪ್ಪಿದ್ದೇವೆ ಎಂದು ನಾನು ಗದರಿದೆ. ಮಡಿಗೆ ನೀರು ಬಿಡುತ್ತಿದ್ದವನನ್ನು ಕೇಳಿದಾಗ ಇದೇ ಬಿಳಿಕಲ್ಲು ಎಂದ. ಕಾಡೆಲ್ಲಿ ಎಂದರೆ, ಅದು ಹೋಗಿ ಏಳು ವರ್ಷವಾಯಿತಲ್ಲ, ಮಾಘದಲ್ಲಿ ಕೊನೆಯ ಮರ ಕಡಿದರು, ಬೇರು ಕೀಳುವುದಕ್ಕೆ ತಾನೇ ಬಂದಿದ್ದೆ ಎಂದು ಹೇಳಿ ಮತ್ತೆ ಬಗ್ಗಿ ಕೆಲಸಕ್ಕೆ ತೊಡಗಿದ. ನಾನು ನಿಂತಲ್ಲೇ ನಿಂತೆ. ಒಂದು ಕಾಡಿನ ಒಡೆಯ ಮೋಸಗಾರ, ಉಳಿದವರು ಹಾಗಿರಲಾರರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎರಡನೆಯ ಕಾಡು ಇದ್ದಲ್ಲಿ ಕಲ್ಲಿನ ಕ್ವಾರಿ. ಮೂರನೆಯದರಲ್ಲಿ ಅನಾನಸು. ನಾಲ್ಕನೆಯದರಲ್ಲಿ ಸೈಟುಗಳಿಗೆಂದು ನೆಟ್ಟ ಸಾಲು ಸಾಲು ಗೂಟ, ಒಂದು ಗೂಟದ ಮೇಲೆ ಕಾಗೆ. ಸಾಹೇಬರು ಪ್ರತಿಯೊಂದು ಕಡೆಯೂ ಕೊನೆಯ ಮರ ಕಡಿದ ವರ್ಷ, ತಿಂಗಳು ಕೇಳಿ ಬರೆದುಕೊಳ್ಳುತ್ತಿದ್ದರು. ಐದನೆಯ ಜಾಗದಲ್ಲಿ ಅವರು ಮಧ್ಯಾಹ್ನದ ಬುತ್ತಿ ಬಿಚ್ಚಿ, ಮುಚ್ಚಿ, ಹಾಗೇ ಒಳಗಿಟ್ಟರು. ಆರು, ಏಳು, ಎಂಟು. ನನಗೆ ಅಳು ಕೂಡ ಬರಲಿಲ್ಲ. ಯಾರೋ ಕಪಾಳಕ್ಕೆ ಬಾರಿಸಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತದಲ್ಲ, ನಾಲ್ಕು ದಿನವೂ ಹಾಗೇ ಇತ್ತು.

ಒಂಬತ್ತನೆಯದು ಜೇನುಕಟ್ಟೆ. ದೂರದಿಂದಲೇ ಗರಗಸದ ಸದ್ದು ಕೇಳಿಸಿತು. ನಾವು ಹೋಗುವ ಹೊತ್ತಿಗೆ ಬಯಲಿನ ನಡುವೆ ಒಂದೇ ಒಂದು ಹೊನ್ನೆ ಮರ ನಿಂತಿತ್ತು, ಅದರ ಬುಡದಲ್ಲಿ ಇಬ್ಬರು. ನಿಲ್ಲಿಸಿ ಎಂದು ನಾನು ಕೂಗಿದೆ. ಮೇಸ್ತ್ರಿ ಬಂದು ವಿನಯದಿಂದಲೇ, ಯುಗಾದಿಗೆ ಮೊದಲು ಮುಗಿಸಬೇಕಮ್ಮ, ಆಮೇಲೆ ಕಾನೂನು ಬರುತ್ತದಂತೆ ಎಂದ. ನಾನು ಸಾಹೇಬರ ಮುಖ ನೋಡಿದೆ. ಅವರು ಪುಸ್ತಕ ತೆಗೆದು, ಪುಟ ಹುಡುಕಿ, ಓದಿ, ಯುಗಾದಿಯವರೆಗೆ ತಮಗೆ ಅಧಿಕಾರವಿಲ್ಲ ಎಂದರು. ಹೇಳಿ ಮರದ ಕಡೆಗೆ ಬೆನ್ನು ತಿರುಗಿಸಿದರು. ಮರ ಬಿತ್ತು. ಧೂಳು ಇನ್ನೂ ಇಳಿದಿರಲಿಲ್ಲ, ನನ್ನ ಫೋನು ಬಡಿದುಕೊಂಡಿತು. ಪಕ್ಕದ ಮನೆಯ ವಾರಿಜಾ. ಹೋದ ವರ್ಷ ಮಗಳ ಮದುವೆಗೆ ಜೇನುಕಟ್ಟೆಯ ಹೊನ್ನೆಯಲ್ಲೇ ಮಂಚ ಮಾಡಿಸಿದ್ದವಳು. ಸಂಭ್ರಮದಿಂದ ಅವಳಿಗೆ ಉಸಿರೇ ಸಾಲುತ್ತಿರಲಿಲ್ಲ.

“ಅಂಬಕ್ಕಾ, ನಮ್ಮ ಮಂಚ ಒಪ್ಪಿತು ಕಣ್ರೀ. ಬೆಳಿಗ್ಗೆಯಿಂದ ಒಂದೇ ಸಮ ಉದುರ್ತಿತ್ತು, ಈಗ ನಾನು ನೋಡ್ತಾ ಇದ್ದ ಹಾಗೇ ನಿಂತುಬಿಡ್ತು. ನಾಳೆ ಊಟಕ್ಕೆ ಬರಲೇಬೇಕು.”

ಫೋನು ಕಿವಿಗಿಟ್ಟುಕೊಂಡೇ ಆ ಬಿದ್ದ ಮರವನ್ನು ನೋಡುತ್ತಿದ್ದೆ. ಸಾಹೇಬರ ಕೈಯಿಂದ ಪುಸ್ತಕ ಕಿತ್ತುಕೊಂಡು ಅವರು ಬರೆದ ತಿಂಗಳುಗಳನ್ನು ಓದಿದೆ. ಬಿಳಿಕಲ್ಲು, ಏಳು ವರ್ಷದ ಹಿಂದಿನ ಮಾಘ. ಆ ಮಾಘದಲ್ಲಿ ನಮ್ಮ ಬೀದಿಯ ಇಪ್ಪತ್ತು ಮನೆಯಲ್ಲಿ ಒಂದೇ ವಾರ ಒಪ್ಪಿಗೆ ಊಟವಾಗಿತ್ತು, ಹೋಳಿಗೆ ತಿಂದು ತಿಂದು ನನಗೆ ಹೊಟ್ಟೆ ಕೆಟ್ಟಿತ್ತು. ಕ್ವಾರಿಯಾದ ಕಾಡನ್ನು ಕಡಿದ ವರ್ಷ ಸ್ಕೂಲಿನ ಬೆಂಚುಗಳೆಲ್ಲ ಒಪ್ಪಿದ್ದವು, ಮಕ್ಕಳಿಗೆ ಪಾಯಸ ಹಾಕಿದ್ದೆವು. ಯಾವ ಮರವೂ ಏನನ್ನೂ ಒಪ್ಪಿರಲಿಲ್ಲ. ತನ್ನ ಕಾಡು ನಿಂತಿರುವವರೆಗೆ ಮಂಚ ಎಲೆ ಉದುರಿಸುತ್ತಿತ್ತು, ಕಾಡು ಸತ್ತ ದಿನ ನಿಲ್ಲಿಸುತ್ತಿತ್ತು. ಹದಿನೆಂಟು ವರ್ಷ ನಾನು ಪಂಕ್ತಿಯ ಮೊದಲ ಎಲೆಗೆ ಕೂತು ಉಂಡದ್ದು ತಿಥಿಯ ಊಟ. ಅಲ್ಲೇ ಜೀಪಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ವಾಪಸು ಬರುವ ದಾರಿಯಲ್ಲಿ ಇನ್ನೊಂದು ವಿಷಯ ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು. ಮುದ್ರೆ ಬಿದ್ದ ಮರವೇ ಏಕೆ ಬೇಗ ನಿಲ್ಲುತ್ತಿತ್ತು? ಮುದ್ರೆ ಬಿದ್ದರೆ ಊರೆಲ್ಲ ಅದೇ ಮರ ಬೇಕು ಎಂದು ಕೇಳುತ್ತಿತ್ತು. ಎಲ್ಲರೂ ಕೇಳಿದ ಕಾಡು ಎಷ್ಟು ದಿನ ನಿಲ್ಲುತ್ತದೆ? ಕಾಡಿನ ಒಡೆಯ ಸಸಿ ನೆಟ್ಟನೋ ಬಿಟ್ಟನೋ ನೋಡುವವರಿಲ್ಲ, ಕಡಿದಷ್ಟಕ್ಕೂ ಸುತ್ತಿಗೆ ಹಿಡಿದು ನಾನು ಸಿದ್ಧ. ಗರಗಸ ಹಿಡಿದವರ ಮೇಲೆ ನಾನು ಕೂಗಿದೆನಲ್ಲ, ಆ ಒಂಬತ್ತು ಕಾಡಿನ ತಲೆಯ ಮೇಲೆ ಮೊದಲ ಏಟು ಹಾಕಿದವಳು ನಾನೇ. ಸಾಹೇಬರಿಗೂ ಇದು ಹೊಳೆದಿರಬೇಕು. ಆದರೆ ಒಳ್ಳೆಯ ಮನುಷ್ಯ, ಬಾಯಿ ಬಿಡಲಿಲ್ಲ. ಮನೆಗೆ ಹೋದವಳು ನನ್ನ ಮಂಚದ ಮೇಲೆ ಕೂರಲಾರದೆ ನೆಲದ ಮೇಲೆ ಕೂತೆ. ವಾರಿಜಾಳ ಊಟಕ್ಕೆ ಹೋಗಲಿಲ್ಲ, ಜ್ವರ ಎಂದು ಹೇಳಿ ಕಳಿಸಿದೆ.

ಸಂತೆಯ ದಿನ ನೆಟ್ಟಗೆ ಮಾಸ್ತಮ್ಮನ ಮುಂದೆ ಹೋಗಿ ನಿಂತೆ. ಅವಳ ಸುತ್ತ ನಂದಿಯ ಎಲೆ ರಾಶಿ ಬಿದ್ದಿತ್ತು. ಇಷ್ಟು ವರ್ಷ ಅದನ್ನು ಕಸ ಎಂದುಕೊಂಡವಳು ಈಗ ಅದನ್ನು ತುಳಿಯಲಾರದೆ ಪಕ್ಕಕ್ಕೆ ಸರಿದೆ. ನಿನ್ನ ಕಾಡು ಇನ್ನೂ ಇದೆ, ಅಲ್ಲವೇ ಎಂದು ಕೇಳಿದೆ. ಅವಳು ಸೌಟುಗಳನ್ನು ಜೋಡಿಸತೊಡಗಿದಳು. ಯುಗಾದಿಯಿಂದ ಜಾಗ ತೋರಿಸದ ಮಾಲು ಜಪ್ತಿಯಾಗುತ್ತದೆ, ಜಾಗ ತೋರಿಸಿದರೆ ನಿನ್ನದೇ ಊರಿನ ಮೊದಲ ನ್ಯಾಯದ ಮರ, ನಾನೇ ನನ್ನ ಕೈಯಾರೆ ಬರೆಯುತ್ತೇನೆ ಎಂದು ಅರ್ಧ ಗಂಟೆ ಬಿಡದೆ ಹೇಳಿದೆ. ತಮ್ಮ ಮಂದಿ ಜಾಗ ಹೇಳುವುದಿಲ್ಲ, ಮದುವೆಯಾಗಿ ಬಂದ ಸೊಸೆಗೂ ಮೂರು ವರ್ಷ ತೋರಿಸುವುದಿಲ್ಲ ಎಂದಳು. ನಾನು ಬಿಡಲಿಲ್ಲ. ಎದೆಯೊಳಗೆ ಬೆಂಕಿ ಬಿದ್ದಿತ್ತು. ಒಂದಾದರೂ ನಿಂತ ಕಾಡನ್ನು ಕಣ್ಣಿಂದ ನೋಡದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು. ಕೊನೆಗೆ ಅವಳು, ನಿಮ್ಮನ್ನು ನಂಬಿ ಕರೆದುಕೊಂಡು ಹೋಗುತ್ತೇನೆ ಅಕ್ಕಯ್ಯ ಎಂದಳು.

ಸಾಹೇಬರು ಬೇರೆ ಕೆಲಸದ ಮೇಲೆ ಹೋಗಿದ್ದರು, ಯಂತ್ರವನ್ನು ನನಗೆ ಕೊಟ್ಟಿದ್ದರು. ಬಂದ್ ಮಾಡಿದರೆ ಎಲ್ಲವನ್ನೂ ಮರೆತುಬಿಡುವ ಹಳೇ ಡಬ್ಬ ಅದು, ತೋರಿಸಿದ್ದನ್ನು ತಕ್ಷಣ ಕಾಗದಕ್ಕೆ ಇಳಿಸಿಕೊಳ್ಳಬೇಕು. ಬಸ್ಸು ಇಳಿದು ಮೂರು ಗಂಟೆ ನಡೆದೆವು. ಗುಡ್ಡದ ಬೆನ್ನು ದಾಟಿದೊಡನೆ ಕಾಡು. ದೊಡ್ಡದೇನಲ್ಲ, ಒಂದು ಸುತ್ತು ಹಾಕಲು ಅರ್ಧ ದಿನ ಸಾಕು. ನಂದಿ, ಹೊನ್ನೆ, ಮತ್ತಿ, ಕೆಳಗೆ ಮಂಡಿಯವರೆಗೆ ಎಲೆ. ನಾನು ಒಂದು ಮತ್ತಿಯ ಮರವನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಐವತ್ತೆರಡು ವರ್ಷಕ್ಕೆ ನಾನು ನೋಡಿದ ಮೊದಲ ನಿಂತ ಕಾಡು ಅದು. ಅದುವರೆಗೆ ಡಿಪೋದಲ್ಲಿ ಮಲಗಿದ ಕಾಡನ್ನೇ ನೋಡಿದ್ದೆ.

ಮಾಸ್ತಮ್ಮ ಹೇಳಿದ ಕ್ರಮವನ್ನು ಕೇಳುತ್ತ ಕೇಳುತ್ತ ನನ್ನ ಇಪ್ಪತ್ತನಾಲ್ಕು ಸಾಲುಗಳನ್ನು ಮನಸ್ಸಿನಲ್ಲೇ ತಾಳೆ ನೋಡಿದೆ. ಒಬ್ಬರು ತಲೆಯ ಮೇಲೆ ಹೊರುವಷ್ಟು ಮಾತ್ರ ತರಬೇಕು. ಕಡಿದ ಕಡೆ ಹನ್ನೆರಡು ವರ್ಷ ಮತ್ತೆ ಕಾಲಿಡಬಾರದು. ಹಳ್ಳದ ನೀರಿನಲ್ಲಿ ನೆರಳು ಬೀಳುವ ಮರ ಮುಟ್ಟಬಾರದು. ಯಾರೂ ಸಹಿ ಹಾಕಿರಲಿಲ್ಲ, ಯಾರೂ ಸುತ್ತಿಗೆ ಹಿಡಿದಿರಲಿಲ್ಲ, ಇಪ್ಪತ್ತಮೂರು ಸಾಲೂ ಸರಿ. ಇಪ್ಪತ್ತನಾಲ್ಕನೆಯದರಲ್ಲಿ ಯಂತ್ರ ತೋರಿಸಿದ ಅಂಕೆಯನ್ನು ಬರೆದು, ಕಾಡು ಇದೆ ಎಂದು ಬರೆದೆ. ಮಾಸ್ತಮ್ಮ ಓದಲು ಬಾರದ ಆ ಅಂಕೆಯನ್ನು ದಿಟ್ಟಿಸಿ ನೋಡಿದಳು. ನನಗೆ ಆಗ ಖುಷಿಯಾಗಿತ್ತು ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಫಾಲ್ಗುಣದ ಮೊದಲ ಸೋಮವಾರ ಸಂಘದ ಸಭೆ. ಮರದ ವ್ಯಾಪಾರಿಗಳು, ಸಾಮಿಲ್ಲಿನವರು, ಬಡಗಿಗಳು ತುಂಬಿದ್ದರು. ಮೇಜಿನ ಆಚೆ ಓಂಕಾರಪ್ಪನವರು, ಪಕ್ಕದಲ್ಲಿ ಸಾಹೇಬರು. ಮೂರು ಗಂಟೆ ನಡೆದು ಕಂಡ ಕಾಡಿನ ಸುದ್ದಿಯನ್ನು ಓಂಕಾರಪ್ಪನವರಿಗೆ ಮೊದಲೇ ಹೇಳಿ ಮಾಸ್ತಮ್ಮನನ್ನು ನಾನೇ ಬರಹೇಳಿದ್ದೆ, ಅವಳಿಗೆ ಕುರ್ಚಿ ಕೊಡದ್ದರಿಂದ ಬಾಗಿಲ ಬಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನಾನು ಎದ್ದು ನಿಂತು ಒಂಬತ್ತು ಹೆಸರನ್ನೂ ಓದಿದೆ. ಒಂದೊಂದರ ಮುಂದೆಯೂ, ಕಾಡಿಲ್ಲ. ಎಲೆ ನಿಲ್ಲುವುದೆಂದರೆ ಏನು ಎಂಬುದನ್ನೂ ಹೇಳಿದೆ. ಜನ ಎದ್ದು ಕೂಗಾಡುತ್ತಾರೆ, ಯಾರಾದರೂ ನನ್ನ ಕೆನ್ನೆಗೆ ಹೊಡೆಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡಿದ್ದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದಿ ಬಡಗಿ ಮಾತ್ರ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ. ಉಳಿದವರು ಓಂಕಾರಪ್ಪನವರ ಕಡೆ ನೋಡಿದರು. ಅವರು ನಿಧಾನವಾಗಿ ಕನ್ನಡಕ ತೆಗೆದು ಒರೆಸಿ, ಈ ಒಂಬತ್ತೂ ಯಾವಾಗ ಹೋದದ್ದು ಎಂದು ಸಾಹೇಬರನ್ನು ಕೇಳಿದರು. ಎಲ್ಲವೂ ಯುಗಾದಿಗೆ ಮೊದಲು ಎಂದು ಸಾಹೇಬರು ತಲೆ ತಗ್ಗಿಸಿಕೊಂಡು ಓದಿದರು. ಹಾಗಿದ್ದರೆ ಕಾನೂನಿನ ಪ್ರಕಾರ ಆ ಮರಕ್ಕೆ ಏನೂ ಅಡ್ಡಿಯಿಲ್ಲ ತಾನೇ ಎಂದು ಇವರು. ಅಡ್ಡಿಯಿಲ್ಲ ಎಂದು ಅವರು. ಸಭೆಯಲ್ಲಿ ಉಸಿರು ಬಿಟ್ಟ ಸದ್ದು ಕೇಳಿಸಿತು. ಯಾರೋ ಕಾಫಿಗೆ ಹೇಳಿದರು.

ನನಗೆ ಸಿಡಿಲು ಬಡಿದಂತಾಯಿತು. ಒಂಬತ್ತು ಕಾಡು ಹೋಗಿದೆ ಎನ್ನುವುದಕ್ಕಿಂತ, ಹೋಗಿದೆ ಎಂದು ಕೇಳಿದ ಮೇಲೂ ಇವರಿಗೆ ಕಾಫಿ ಗಂಟಲಲ್ಲಿ ಇಳಿಯುತ್ತದೆ ಎನ್ನುವುದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಬ್ಬ ಸಾಮಿಲ್ಲಿನವನು ಎದ್ದು, ಇರುವ ದಾಸ್ತಾನು ಇನ್ನೊಂದು ವರ್ಷಕ್ಕೆ ಸಾಕು, ಆಮೇಲೇನು ಮಾಡುವುದು ಎಂದು ಕೇಳಿದ. ಓಂಕಾರಪ್ಪನವರು ನನ್ನ ಕೈಯಲ್ಲಿದ್ದ ಪಟ್ಟಿಯತ್ತ ಬೆರಳು ತೋರಿಸಿದರು. ಒಂಬತ್ತು ಓದಿದಿರಿ, ಹತ್ತನೆಯದು ಒಂದು ಇದೆಯಂತಲ್ಲ ಎಂದರು. ಬಾಗಿಲ ಬಳಿ ಕೂತವಳ ಕಡೆಗೂ ಒಮ್ಮೆ ನೋಡಿ ಮುಗುಳ್ನಕ್ಕರು. ಆಮೇಲೆ ಮದುವೆಯ ಮಾತುಕತೆಯ ದನಿಯಲ್ಲಿ ಹೇಳಿದರು.

“ಆ ಯಮ್ಮನ ಕಾಡಿಗೆ ನಮ್ಮ ಮುದ್ರೆ ಪುಕ್ಕಟೆಯಾಗಿ ಹಾಕಿಕೊಡೋಣ, ಪಾಪ ಬಡವರು. ಜಾಗದ ಅಂಕೆ ಇವತ್ತೇ ಬೋರ್ಡಿಗೆ ಹಾಕಿಬಿಡಿ, ಅಂಬಕ್ಕನೋರೆ. ಯುಗಾದಿಗೆ ಇನ್ನೂ ಇಪ್ಪತ್ತೆಂಟು ದಿನ ಇದೆ.”

ಯಾರೂ ಏನೂ ತಪ್ಪು ಮಾತಾಡಲಿಲ್ಲ. ಕಾನೂನಿನಲ್ಲಿ ಅದಕ್ಕೆ ವಿರುದ್ಧವಾದ ಒಂದು ಅಕ್ಷರವೂ ಇಲ್ಲ, ಮುದ್ರೆಯ ನಿಯಮದಲ್ಲೂ ಇಲ್ಲ. ಸಾಮಿಲ್ಲಿನವನು ಆಗಲೇ ಪಕ್ಕದವನ ಕಿವಿಯಲ್ಲಿ ಎಷ್ಟು ಲಾರಿ ಬೇಕಾಗುತ್ತದೆ ಎಂದು ಕೇಳುತ್ತಿದ್ದ. ನಾನು ಕಾಗದ ನೋಡಿದೆ. ನನ್ನದೇ ಮುದ್ದಾದ ಅಕ್ಷರ. ಒಂದು ಸಾಲಿನಲ್ಲಿ ಮೂರು ಗಂಟೆಯ ದಾರಿ, ಅವಳ ಅಜ್ಜಿ, ಮುತ್ತಜ್ಜಿಯರು ಮುಚ್ಚಿಟ್ಟ ಗುಟ್ಟು, ಎಲ್ಲವನ್ನೂ ಬಿಡಿಸಿ ಇಟ್ಟಿದ್ದೆ. ಹತ್ತನೆಯ ಕಾಡಿನ ತಲೆಗೂ ನನ್ನ ಏಟು ಬಿದ್ದಾಗಿತ್ತು.

ಬಾಗಿಲ ಬಳಿಗೆ ಹೋದೆ. ಮಾಸ್ತಮ್ಮ ಎದ್ದು ನಿಂತಿದ್ದಳು. ಮಾತೆಲ್ಲ ಅವಳಿಗೆ ಕೇಳಿಸಿತ್ತು. ಮುಖದಲ್ಲಿ ರಕ್ತವಿರಲಿಲ್ಲ, ದನಿ ಮಾತ್ರ ಗಟ್ಟಿಯಾಗಿತ್ತು.

“ಅಕ್ಕಯ್ಯ, ಆ ಅಂಕಿ ಇಲ್ಲದಿದ್ರೆ ಅವ್ರಿಗೆ ದಾರಿ ಗೊತ್ತಾಗ್ತದಾ?”

ಗೊತ್ತಾಗುವುದಿಲ್ಲ, ಆದರೆ ಅಂಕೆ ಇಲ್ಲದಿದ್ದರೆ ಯುಗಾದಿಯಿಂದ ನೀನು ಒಂದು ಸೌಟನ್ನೂ ಮಾರುವಂತಿಲ್ಲ, ಕಂಡರೆ ಕಿತ್ತುಕೊಳ್ಳುತ್ತಾರೆ, ನಿನ್ನ ಕಸುಬೇ ನಿಂತುಹೋಗುತ್ತದೆ ಎಂದೆ. ಅವಳು ಬುಟ್ಟಿ ನೋಡಿದಳು. ಅವಳ ತಾಯಿ ಕಲಿಸಿದ ಕೆಲಸ ಅದು, ಬೇರೇನೂ ಗೊತ್ತಿದ್ದವಳಲ್ಲ. ಹೆಚ್ಚು ಹೊತ್ತು ನೋಡಲಿಲ್ಲ.

“ಹೊಡೆದು ಹಾಕಿ,” ಎಂದಳು.

ನಾನು ಅಲ್ಲೇ, ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿ ಹಿಡಿದು, ಆ ಅಂಕೆಯ ಮೇಲೆ ಒಂದರ ಮೇಲೊಂದು ಗೀಟು ಎಳೆದೆ, ಕಾಗದ ಹರಿಯುವವರೆಗೆ. ಪಕ್ಕದಲ್ಲಿ, ಜಾಗ ತಿಳಿದುಬಂದಿಲ್ಲ ಎಂದು ಬರೆದು ಸಹಿ ಹಾಕಿದೆ. ಹದಿನೆಂಟು ವರ್ಷದಲ್ಲಿ ನಾನು ತಿಳಿದೂ ತಿಳಿದೂ ಬರೆದ ಮೊದಲ ಸುಳ್ಳು. ಮೇಜಿನ ಮೇಲೆ ತಂದಿಟ್ಟಾಗ ಓಂಕಾರಪ್ಪನವರ ಮುಖ ಕಪ್ಪಿಟ್ಟಿತು. ಮೂರು ಗಂಟೆ ನಡೆದು ಹೋದವಳಿಗೆ ಜಾಗ ಗೊತ್ತಿಲ್ಲವೇ ಎಂದು ಗದರಿದರು. ದಾರಿ ಮರೆತೆ, ಆ ಯಂತ್ರ ಬಂದ್ ಆಗಿತ್ತು ಎಂದೆ. ಅವರು ಸಾಹೇಬರ ಕಡೆ ತಿರುಗಿದರು. ಸಾಹೇಬರು ಹರಿದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಪುಸ್ತಕ ತೆರೆಯದೆಯೇ, ಜಾಗ ತಿಳಿದುಬಂದಿಲ್ಲ ಎಂಬುದನ್ನು ದಾಖಲು ಮಾಡಿಕೊಂಡೆ ಎಂದು ಹೇಳಿ ಸರ್ಕಾರದ ಮೊಹರು ಒತ್ತಿಬಿಟ್ಟರು. ಅವರ ಕೈ ಒತ್ತಿದ ಮೇಲೂ ಒಂದು ಗಳಿಗೆ ಮೊಹರಿನ ಮೇಲೆಯೇ ಇತ್ತು.

ಹೀಗೆ ಮುದ್ರೆಗೂ ಕಾನೂನಿಗೂ ಇಪ್ಪತ್ತನಾಲ್ಕು ಸಾಲೂ ಪೂರ್ತಿ ಹೊಂದಿಕೊಂಡವು. ಯುಗಾದಿಯ ದಿನ ಡಿಪೋಗೆ ತೋರಣ ಕಟ್ಟಿದರು. ಇಲ್ಲದ ಒಂಬತ್ತು ಕಾಡುಗಳ ಮರ ನ್ಯಾಯದ ಮರವಾಯಿತು. ಇದ್ದ ಒಂದು ಕಾಡಿನ ಮಣೆ, ಸೌಟು, ಲಟ್ಟಣಿಗೆಗಳನ್ನು ಮರುದಿನ ಬಸ್‌ಸ್ಟ್ಯಾಂಡಿನಿಂದ ವ್ಯಾನಿಗೆ ತುಂಬಿಕೊಂಡು ಹೋದರು. ಮಾಸ್ತಮ್ಮ ಎದುರು ಮಾತಾಡದೆ, ತಾನೇ ಎತ್ತಿ ಎತ್ತಿ ಕೊಟ್ಟಳಂತೆ. ನಾನು ಅಂದು ಬೆಳಿಗ್ಗೆಯೇ ಸುತ್ತಿಗೆಯನ್ನು ಸಂಘದ ಮೇಜಿನ ಮೇಲಿಟ್ಟು ಬಂದಿದ್ದೆ. ಈ ಮಾಘದಲ್ಲಿ ಎಲೆ ನಿಲ್ಲಿಸಿದ ಜೇನುಕಟ್ಟೆಯ ಸಾಮಾನುಗಳಿಗೆ ಒಪ್ಪಿಗೆ ಊಟ ಮಾತ್ರ ಊರಿನಲ್ಲಿ ಇನ್ನೂ ನಿಂತಿಲ್ಲ. ನಿಜ ಗೊತ್ತಾದ ಮೇಲೂ ನಿಲ್ಲಿಸಿಲ್ಲ, ಅದು ಸಂಪ್ರದಾಯವಂತೆ. ನನ್ನನ್ನು ಈಗ ಯಾರೂ ಕರೆಯುವುದಿಲ್ಲ.

ಆರು ತಿಂಗಳು ಮಾಸ್ತಮ್ಮ ಕಾಣಲಿಲ್ಲ. ಮೊನ್ನೆ ಸಂತೆಯಲ್ಲಿ ಕಂಡಳು, ಅದೇ ಗೋಡೆಯ ಬಳಿ. ಮುಂದೆ ಪ್ಲಾಸ್ಟಿಕ್ ಸ್ಟೂಲು, ಪ್ಲಾಸ್ಟಿಕ್ ಮಗ್ಗು, ಹಸಿರು ನೀಲಿ ಬಕೆಟ್ಟುಗಳು. ಸೊರಗಿದ್ದಳು. ಕೈಯಲ್ಲಿ ಉಳಿಯ ಗಾಯಗಳೆಲ್ಲ ಮಾಗಿ ಅಂಗೈ ನುಣ್ಣಗಾಗಿತ್ತು. ಬೇಡದಿದ್ದರೂ ಒಂದು ಸ್ಟೂಲು ತೆಗೆದುಕೊಂಡೆ. ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಬಗ್ಗಿ, ಕಾಡು ಹೇಗಿದೆ ಮಾಸ್ತಮ್ಮ ಎಂದು ಮೆಲ್ಲನೆ ಕೇಳಿದೆ.

ಅವಳು ನನ್ನ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

“ಯಾವ ಕಾಡು, ಅಕ್ಕಯ್ಯ?” ಎಂದಳು.

ನಾನು ಇನ್ನೊಮ್ಮೆ ಕೇಳಲಿಲ್ಲ. ಅವಳು ಚಿಲ್ಲರೆಯನ್ನು ನನ್ನ ಕೈಗಿಟ್ಟು, ಹಿಂದೆ ನಿಂತವರಿಗೆ ಬಕೆಟ್ಟು ತೋರಿಸತೊಡಗಿದಳು.